ಸುಂಕದ ಜಾಡಿನಲ್ಲಿ: ಸೇಲಂನಿಂದ ಚಾರ್ಲ್ಸ್‌ಟನ್‌ವರೆಗೆ

ಶನಿವಾರ, ಸೇಲಂ

ಅಕ್ಟೋಬರ್‌ನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಸೇಲಂ ಊರಿನ ಬೀದಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. 1692ರಲ್ಲಿ ಇಲ್ಲಿ ಮಾಟಗಾತಿಯರೆಂದು ಹೇಳಿ ಅಮಾಯಕರನ್ನು ಗಲ್ಲಿಗೇರಿಸಿದ ಕಥೆ ಕೇಳಲು ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ. ಆ ಗದ್ದಲ ದಾಟಿ ಹತ್ತು ನಿಮಿಷ ಸಮುದ್ರದ ಕಡೆ ನಡೆದರೆ ಡರ್ಬಿ ಧಕ್ಕೆ. ನೀರಿನೊಳಕ್ಕೆ ಅರ್ಧ ಮೈಲಿ ಚಾಚಿದ ಕಲ್ಲುಕಟ್ಟೆ, ತುದಿಯಲ್ಲೊಂದು ಪುಟ್ಟ ದೀಪಸ್ತಂಭ. ಅಲ್ಲಿ ಜನ ಕಡಿಮೆ.

ನನ್ನ ಅಳಿಯ, ಅಂದರೆ ಅಕ್ಕನ ಮಗ, ಬಾಸ್ಟನ್ನಿನಲ್ಲಿ ನೌಕರಿಯಲ್ಲಿದ್ದಾನೆ. ನನಗಾಗಿ ರಜೆ ಹಾಕಿ ಕಾರು ತೆಗೆದಿದ್ದ. "ಮಾಮಾ, ಎಲ್ಲಾರೂ ನಯಾಗರಾ ನೋಡಾಕ ಬರ್ತಾರ. ನೀವು ಸುಂಕದ ಕಟ್ಟಿ ನೋಡಾಕ ಬಂದೀರಿ" ಎಂದ. ಅವನಿಗೆ ಕಾರಣ ಹೇಳಿದೆ. ಅರ್ಥಶಾಸ್ತ್ರದ ಮೇಷ್ಟರಾಗಿ ವರ್ಷಗಟ್ಟಲೆ ಮುಕ್ತ ವ್ಯಾಪಾರ ಮತ್ತು ಸಂರಕ್ಷಣಾ ನೀತಿಯ, ಅಂದರೆ ಹೊರಗಿನ ಸರಕಿಗೆ ಸುಂಕ ಹಾಕಿ ದೇಶದ ಉದ್ಯಮ ಕಾಯುವ ನೀತಿಯ, ಪಾಠ ಮಾಡಿದವನು ನಾನು. ಆ ವಾದವನ್ನು ಸ್ವತಂತ್ರ ಅಮೆರಿಕ ತನ್ನ ಮೊದಲ ಐವತ್ತು ವರ್ಷಗಳಲ್ಲಿ ಆಡಿದಷ್ಟು ಬಿಚ್ಚುಮನಸ್ಸಿನಿಂದ, ಅಷ್ಟು ಕಹಿಯಾಗಿ ಬೇರೆ ದೇಶ ಆಡಿದ್ದು ನಾನು ಓದಿಲ್ಲ. ಇನ್ನೊಂದು ಕಾರಣ ಮನೆಯದು. ನಮ್ಮದು ಬನಹಟ್ಟಿ, ನೇಕಾರರ ಮನೆತನ. ಈ ಜಗಳದ ನಡುವೆ ನಮ್ಮ ದೇಶದ ಒರಟು ಹತ್ತಿ ಬಟ್ಟೆಯೂ ಇತ್ತು.

1783ರಲ್ಲಿ ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು. ಆದರೆ ಬ್ರಿಟನ್ ತನ್ನ ವೆಸ್ಟ್ ಇಂಡೀಸ್ ದ್ವೀಪಗಳ ಬಂದರುಗಳನ್ನು ಅಮೆರಿಕದ ಹಡಗುಗಳಿಗೆ ಮುಚ್ಚಿಬಿಟ್ಟಿತು. ಮೀನು, ಮರ, ಹಿಟ್ಟು ಮಾರಿ ಬದುಕುತ್ತಿದ್ದ ಸೇಲಂ ವರ್ತಕರಿಗೆ ಹಳೆಯ ದಾರಿ ಇಲ್ಲವಾಯಿತು. ಎಲಿಯಾಸ್ ಹ್ಯಾಸ್ಕೆಟ್ ಡರ್ಬಿ ಎಂಬ ಸಾಹುಕಾರ ತನ್ನ 'ಗ್ರ್ಯಾಂಡ್ ಟರ್ಕ್' ಹಡಗನ್ನು ಚೀನಾದ ಕ್ಯಾಂಟನ್‌ವರೆಗೆ ಕಳಿಸಿದ. ಅದು 1787ರಲ್ಲಿ ಸರಕು ತುಂಬಿಕೊಂಡು ಮರಳಿತು. ಮುಂದೆ ಸುಮಾತ್ರದ ಕಾಳುಮೆಣಸು, ಮದ್ರಾಸ್, ಕಲ್ಕತ್ತೆ. ಬ್ರಿಟನ್ನಿನ ಜೊತೆ ಆದ 1794ರ ಜೇ ಒಪ್ಪಂದ ಭಾರತದ ಬ್ರಿಟಿಷ್ ಬಂದರುಗಳ ಬಾಗಿಲನ್ನು ಅಮೆರಿಕನ್ನರಿಗೆ ಕಾಗದದ ಮೇಲೂ ತೆರೆಯಿತು. ಕಲ್ಕತ್ತೆಯಿಂದ ನೀಲಿ, ಪೆಟ್ಲುಪ್ಪು, ಸಕ್ಕರೆ, ಶುಂಠಿ ಬರುತ್ತಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ ಬಾಫ್ತಾ, ಗರ್ರಾ ಎಂಬ ಹೆಸರಿನ ಬಿಳಿ ಹತ್ತಿ ಬಟ್ಟೆಯ ಮೂಟೆಗಳು. 1796ರಲ್ಲಿ ಕ್ಯಾಪ್ಟನ್ ಜೇಕಬ್ ಕ್ರೌನಿನ್‌ಶೀಲ್ಡ್ ಕಲ್ಕತ್ತೆಯಿಂದ ಒಂದು ಆನೆಮರಿಯನ್ನೇ ತಂದು ನ್ಯೂಯಾರ್ಕಿನಲ್ಲಿ ಇಳಿಸಿದ.

ಧಕ್ಕೆಯ ಎದುರಿಗೇ ಸುಂಕದ ಕಟ್ಟೆ, 1819ರ ಇಟ್ಟಿಗೆ ಕಟ್ಟಡ. ನೆತ್ತಿಯ ಮೇಲೆ ಚಿನ್ನದ ಬಣ್ಣದ ಹದ್ದು. ಹಿಂದುಗಡೆ 1829ರ ತೂಕದ ಮನೆ. ಅಲ್ಲಿ ನಾನು ತುಂಬ ಹೊತ್ತು ನಿಂತೆ. ಹಡಗಿನ ಪಕ್ಕಕ್ಕೇ ಎಳೆದೊಯ್ದು ಮೂಟೆ ತೂಗುತ್ತಿದ್ದ ಎತ್ತರದ ಮರದ ತಕ್ಕಡಿಗಳು ಅಲ್ಲಿವೆ. ಮರದ ತೊಲೆ, ಕಬ್ಬಿಣದ ಕೊಂಡಿ, ಸರಪಣಿ. ಆ ಕಾಲದ ಅಮೆರಿಕದಲ್ಲಿ ಆದಾಯ ತೆರಿಗೆ ಇರಲಿಲ್ಲ. ಸೈನಿಕರ ಸಂಬಳ, ಸಾಲದ ಬಡ್ಡಿ, ಅಧ್ಯಕ್ಷರ ಮನೆಯ ಖರ್ಚು ಎಲ್ಲಕ್ಕೂ ಬಹುಪಾಲು ಹಣ ಬಂದರುಗಳಲ್ಲಿ ಇಂಥ ತಕ್ಕಡಿಗಳ ಮೇಲೆ ಹುಟ್ಟಬೇಕಿತ್ತು. ಅದನ್ನು ನೆನಪಿಟ್ಟುಕೊಳ್ಳದಿದ್ದರೆ ಮುಂದಿನ ಯಾವ ವಾದವೂ ಅರ್ಥವಾಗುವುದಿಲ್ಲ.

ಈ ಬಂದರು ಒಂದು ಚಳಿಗಾಲ ಸ್ತಬ್ಧವಾಯಿತು. ಬ್ರಿಟನ್ ಮತ್ತು ನೆಪೋಲಿಯನ್ನನ ಫ್ರಾನ್ಸ್ ಕಾದಾಡುತ್ತ ಇಬ್ಬರೂ ಅಮೆರಿಕದ ಹಡಗುಗಳನ್ನು ಹಿಡಿಯುತ್ತಿದ್ದರು; ಬ್ರಿಟಿಷರು ಅಮೆರಿಕದ ನಾವಿಕರನ್ನು ಬಲವಂತವಾಗಿ ತಮ್ಮ ನೌಕಾಪಡೆಗೆ ಎಳೆದೊಯ್ಯುತ್ತಿದ್ದರು. ಯುದ್ಧ ಬೇಡವೆಂದ ಅಧ್ಯಕ್ಷ ಥಾಮಸ್ ಜೆಫರ್ಸನ್ 1807ರ ಡಿಸೆಂಬರ್ 22ರಂದು ನಿರ್ಬಂಧ ಕಾಯ್ದೆಗೆ ಸಹಿ ಹಾಕಿದ. ಅಮೆರಿಕದ ಹಡಗು ಯಾವ ಪರದೇಶಕ್ಕೂ ಹೋಗಕೂಡದು. ನಮ್ಮ ಹತ್ತಿ, ನಮ್ಮ ಗೋಧಿ ಸಿಗದಿದ್ದರೆ ಯುರೋಪು ದಾರಿಗೆ ಬರುತ್ತದೆ ಎಂಬ ನಂಬಿಕೆ. 1807ರಲ್ಲಿ 10.8 ಕೋಟಿ ಡಾಲರ್ ಇದ್ದ ರಫ್ತು 1808ರಲ್ಲಿ 2.2 ಕೋಟಿಗೆ ಕುಸಿಯಿತು. ಧಕ್ಕೆಯಲ್ಲಿ ಹಡಗುಗಳು ಕೊಳೆತವು, ನಾವಿಕರು ಗಂಜಿಗೆ ಕೈಯೊಡ್ಡಿದರು, ಕೆನಡಾ ಗಡಿಯಲ್ಲಿ ಕಳ್ಳಸಾಗಣೆ ಕುದುರಿತು. ಬ್ರಿಟನ್ ಬಗ್ಗಲಿಲ್ಲ. 1809ರ ಮಾರ್ಚಿನಲ್ಲಿ, ಅಧಿಕಾರ ಬಿಡುವ ಮುನ್ನ, ಜೆಫರ್ಸನ್ನನೇ ಅದರ ರದ್ದತಿಗೆ ಸಹಿ ಹಾಕಿದ.

ಅದರ ಮೇಲೆ ಬ್ರಿಟನ್ನಿನ ಜೊತೆ 1812ರ ಯುದ್ಧ. ಸೇಲಂ ಸಾವರಿಸಿಕೊಂಡು ಮತ್ತೆ ಹಡಗು ಬಿಟ್ಟಿತು. ಆದರೆ ಅಷ್ಟರಲ್ಲಿ ಹಡಗಿನಲ್ಲಿ ತೊಡಗಿಸಬೇಕಾಗಿದ್ದ ಹಣ ಮೂವತ್ತು ಮೈಲಿ ಆಚೆಯ ನದಿಗಳ ಕಡೆ ತಿರುಗಿತ್ತು.

ಭಾನುವಾರ, ಲೋವೆಲ್

ಬೂಟ್ ಹತ್ತಿ ಗಿರಣಿಯ ಬಾಗಿಲಲ್ಲಿ ಕಿವಿಗೆ ಹಾಕಿಕೊಳ್ಳಲು ಸ್ಪಂಜಿನ ಬಿರಡೆ ಕೊಡುತ್ತಾರೆ. ನಾನು ಹಾಕಿಕೊಳ್ಳಲಿಲ್ಲ. ಬಾಗಿಲು ತೆರೆದೊಡನೆ ಮಗ್ಗಗಳ ಸದ್ದು ಎದೆಗೆ ಬಡಿಯಿತು. ನೆಲದ ಹಲಗೆ ಅಂಗಾಲಿಗೆ ನಡುಗುತ್ತಿತ್ತು. ಸಾಲು ಸಾಲು ಹಳೆಯ ಯಂತ್ರಮಗ್ಗಗಳು, ಮೇಲೆ ತಿರುಗುವ ಗಾಲಿಗಳಿಂದ ಇಳಿದ ಚರ್ಮದ ಪಟ್ಟಿ, ಅತ್ತಿಂದಿತ್ತ ಚಿಮ್ಮುವ ಲಾಳಿ. ಅವುಗಳಲ್ಲಿ ಕೆಲವನ್ನು ನಿಜಕ್ಕೂ ಓಡಿಸಿ ಬಟ್ಟೆ ನೇಯುತ್ತಾರೆ. ಒರೆಸುವ ವಸ್ತ್ರವಾಗಿ ಹೊರಗಿನ ಅಂಗಡಿಯಲ್ಲಿ ಮಾರುತ್ತಾರೆ. ಒಂದನ್ನು ಕೊಂಡು ಬೆಳಕಿಗೆ ಹಿಡಿದು ನೋಡಿದೆ. ಹಾಸು ಗಟ್ಟಿ, ಹೊಕ್ಕು ದಪ್ಪ, ಅಂಚು ನೇರ. ನಯವೇನಿಲ್ಲ, ಬಾಳಿಕೆ ಬರುವ ಬಟ್ಟೆ. ಇಂಥದ್ದೇ ಬಟ್ಟೆಯನ್ನು ಕಲ್ಕತ್ತೆಯಿಂದ ತರುತ್ತಿದ್ದ ದೇಶ, ಅದನ್ನು ಬೇಡವೆಂದು ತಾನೇ ನೇಯ್ದ ಊರು ಇದು.

ಫ್ರಾನ್ಸಿಸ್ ಕ್ಯಾಬಟ್ ಲೋವೆಲ್ ಬಾಸ್ಟನ್ನಿನ ವರ್ತಕ. 1810ರಿಂದ 1812ರವರೆಗೆ ಬ್ರಿಟನ್ನಿನಲ್ಲಿದ್ದಾಗ ಅಲ್ಲಿನ ಗಿರಣಿಗಳಲ್ಲಿ ಸುತ್ತಾಡಿ, ಯಂತ್ರಮಗ್ಗದ ಕೆಲಸವನ್ನು ಕಣ್ಣಲ್ಲೇ ಕಲಿತು ಬಂದ. ಯಂತ್ರವನ್ನೂ ಅದರ ನಕ್ಷೆಯನ್ನೂ ಹೊರಗೆ ಒಯ್ಯುವುದು ಅಲ್ಲಿ ಅಪರಾಧವಾಗಿತ್ತು. ಪಾಲ್ ಮೂಡಿ ಎಂಬ ಕುಶಲ ಮಿಸ್ತ್ರಿಯ ಜೊತೆ ಸೇರಿ ವಾಲ್ಥಮ್‌ನಲ್ಲಿ 1814ರ ಹೊತ್ತಿಗೆ ನೂಲುವುದರಿಂದ ನೇಯುವವರೆಗೆ ಎಲ್ಲ ಒಂದೇ ಸೂರಿನಡಿ ನಡೆಯುವ ಗಿರಣಿ ನಿಲ್ಲಿಸಿದ. ಯುದ್ಧವಿರುವವರೆಗೆ ಹೊರಗಿನ ಬಟ್ಟೆ ಬರಲಿಲ್ಲ. 1815ರಲ್ಲಿ ಶಾಂತಿ ಬಂದೊಡನೆ ಬ್ರಿಟನ್ನಿನ ಸರಕು ಹೊಳೆಯಾಗಿ ಬಂತು, ಭಾರತದ ಬಟ್ಟೆಯೂ ಬಂತು. ಪುಟ್ಟ ಗಿರಣಿಗಳು ಒಂದರ ಹಿಂದೊಂದು ಬಾಗಿಲು ಹಾಕಿದವು.

ಲೋವೆಲ್ ವಾಷಿಂಗ್ಟನ್ನಿಗೆ ಹೋಗಿ ಸಂಸದರ ಮನವೊಲಿಸಿದ. ಅದರ ಫಲ 1816ರ ಸುಂಕ ಕಾಯ್ದೆಯ ಒಂದು ಕಲಮು. ಹತ್ತಿ ಬಟ್ಟೆಗೆ ಶೇ. 25 ಸುಂಕ. ಇಷ್ಟೇ ಆಗಿದ್ದರೆ ಸಾಧಾರಣ ಮಾತು. ಆದರೆ ಚದರ ಗಜಕ್ಕೆ 25 ಸೆಂಟಿಗಿಂತ ಅಗ್ಗದ ಬಟ್ಟೆಯನ್ನೂ 25 ಸೆಂಟಿನದೆಂದೇ ಎಣಿಸಿ ಸುಂಕ ಹಾಕಬೇಕೆಂದು ಸೇರಿಸಿದರು. ಆರು ಸೆಂಟಿಗೆ ಕೊಂಡ ಬಟ್ಟೆಗೂ ಆರೂಕಾಲು ಸೆಂಟು ಸುಂಕ. ಅಂದರೆ ಬೆಲೆಗಿಂತ ಸುಂಕವೇ ಹೆಚ್ಚು. ನಯವಾದ ದುಬಾರಿ ಬಟ್ಟೆ ತರುವವನಿಗೆ ಇದು ತಟ್ಟಲಿಲ್ಲ. ಬಂಗಾಳದ ನೇಕಾರ ನೇಯ್ದ ಒರಟು ಬಟ್ಟೆಗೆ ಮಾತ್ರ ಗೋಡೆ ಎದ್ದಿತು. ಭಾರತದ ಬಟ್ಟೆ ತರುತ್ತಿದ್ದ ವರ್ತಕರು ಗೋಳಾಡಿದರು. ವ್ಯಾಪಾರ ಕರಗಿತು. ಸಂಸತ್ತಿನಲ್ಲಿ ಆ ಕಲಮಿನ ಪರ ಗಿರಣಿಯವರಿದ್ದರು, ವಿರುದ್ಧ ಹಡಗಿನವರಿದ್ದರು. ನೇಯ್ದವನ ಪರವಾಗಿ ಕೂಗಲು ಸಮುದ್ರದ ಈಚೆ ದಡದಲ್ಲಿ ಯಾರಿದ್ದರು?

ಅಳಿಯನಿಗೆ ಇದನ್ನು ಹೇಳಿದಾಗ ಅವನು ಕೇಳಿದ, "ಅಂದ್ರ ಇವರು ಮಾಡಿದ್ದು ತಪ್ಪಂತೀರೇನು ಮಾಮಾ?" ತಪ್ಪೆಂದು ಸಲೀಸಾಗಿ ಹೇಳಲು ನನಗೆ ಬಾಯಿ ಬರುವುದಿಲ್ಲ. ಹೊಸ ದೇಶವೊಂದು ತನ್ನ ಬಟ್ಟೆ ತಾನು ನೇಯಬೇಕೆಂದು ಬಯಸುವುದು ಸಹಜ. ನಾವೂ 1947ರ ನಂತರ ಅದನ್ನೇ ಬಯಸಿದೆವು. ಆದರೆ ಅಗ್ಗದ ಬಟ್ಟೆಗೇ ಹೆಚ್ಚು ಭಾರ ಬೀಳುವಂತೆ ಬರೆದ ಆ ಕಲಮು ಅದನ್ನು ಉಡುತ್ತಿದ್ದ ಅಮೆರಿಕದ ಬಡವನಿಗೂ ಹೊರೆಯಾಯಿತು. ಕೆಲವೇ ವರ್ಷಗಳಲ್ಲಿ ಇಲ್ಲಿನ ಬಟ್ಟೆ ಎಷ್ಟು ಅಗ್ಗವಾಯಿತೆಂದರೆ, ಸೇಲಂ ಹಡಗುಗಳೇ ಅದನ್ನು ಜಾಂಜಿಬಾರ್‌ಗೆ ಒಯ್ದವು. ಅಲ್ಲಿ ಅದಕ್ಕೆ 'ಮೆರಿಕಾನಿ' ಎಂದು ಹೆಸರು. ಅಲ್ಲಿಯೂ ಅದು ಭಾರತದ ಬಟ್ಟೆಯನ್ನೇ ಹಿಂದಕ್ಕೆ ತಳ್ಳಿತು.

1817ರಲ್ಲೇ ಲೋವೆಲ್ ತೀರಿಕೊಂಡ. ಅವನ ಪಾಲುದಾರರು ಮೆರಿಮ್ಯಾಕ್ ನದಿ 32 ಅಡಿ ಧುಮುಕುವ ಈ ಜಾಗದಲ್ಲಿ ಅವನ ಹೆಸರಿನ ಊರು ಕಟ್ಟಿದರು. ಹಳ್ಳಿಯ ಒಕ್ಕಲು ಮನೆಗಳ ಹುಡುಗಿಯರು ಕೆಲಸಕ್ಕೆ ಬಂದರು. ಅವರಿದ್ದ ವಸತಿಮನೆಯನ್ನೂ ನೋಡಿದೆವು. ಕಿರಿದಾದ ಕೋಣೆ, ಒಂದೇ ಮಂಚದಲ್ಲಿ ಇಬ್ಬರು, ಎದ್ದೇಳಲು ಗಂಟೆ, ಉಣ್ಣಲು ಗಂಟೆ, ಮಲಗಲು ಗಂಟೆ. 1834ರಲ್ಲಿ ಕೂಲಿ ಕಡಿತವಾದಾಗ, 1836ರಲ್ಲಿ ವಸತಿಯ ದರ ಏರಿದಾಗ ಅವರು ಮಗ್ಗ ನಿಲ್ಲಿಸಿ ಬೀದಿಗಿಳಿದರು. ಅಮೆರಿಕದ ದುಡಿಯುವ ಕೈಗಳ ರಕ್ಷಣೆಗೆಂದೇ ಸುಂಕ ಎಂಬ ಭಾಷಣಗಳು ಆ ವರ್ಷಗಳಲ್ಲಿ ಬೇಕಾದಷ್ಟು. ಕೂಲಿ ಕಡಿತಕ್ಕೆ ಆ ಸುಂಕ ಅಡ್ಡ ಬರಲಿಲ್ಲ.

ಸೋಮವಾರ, ಪ್ಯಾಟರ್ಸನ್

ನ್ಯೂಜೆರ್ಸಿಯ ಪ್ಯಾಟರ್ಸನ್ ತಲುಪಿದಾಗ ಮಧ್ಯಾಹ್ನ. ಪಸೇಕ್ ನದಿ 77 ಅಡಿ ಆಳದ ಕಲ್ಲಿನ ಸೀಳಿಗೆ ಬೀಳುತ್ತದೆ. ಎದುರಿನ ಕಟ್ಟೆಯ ಮೇಲೆ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಪ್ರತಿಮೆ. 1778ರ ಜುಲೈಯಲ್ಲಿ, ಯುದ್ಧದ ನಡುವೆ, ಜಾರ್ಜ್ ವಾಷಿಂಗ್ಟನ್ ಜೊತೆ ಇಲ್ಲಿ ಊಟಕ್ಕೆ ಕುಳಿತಿದ್ದ ತರುಣ ಅಧಿಕಾರಿ, ಮುಂದೆ ಖಜಾನೆ ಸಚಿವನಾದಾಗ ಈ ನೀರನ್ನು ಮರೆಯಲಿಲ್ಲ.

1791ರ ಡಿಸೆಂಬರ್ 5ರಂದು ಹ್ಯಾಮಿಲ್ಟನ್ ಸಂಸತ್ತಿಗೆ ಕೈಗಾರಿಕೆಗಳ ಕುರಿತ ತನ್ನ ವರದಿ ಒಪ್ಪಿಸಿದ. ಎಳೆಯ ಉದ್ಯಮಗಳಿಗೆ ಸರ್ಕಾರದ ಆಸರೆ ಬೇಕು ಎಂಬ ವಾದಕ್ಕೆ ಇಂದಿಗೂ ಅದನ್ನೇ ಮೂಲವೆಂದು ತೋರಿಸುತ್ತಾರೆ. ನಾನೂ ಹಾಗೆಯೇ ಪಾಠ ಮಾಡಿದ್ದೇನೆ. ವರದಿಯನ್ನು ನಿಧಾನವಾಗಿ ಓದಿದರೆ ಆತ ಎತ್ತರದ ಸುಂಕದ ಪಕ್ಷಪಾತಿಯಲ್ಲ. ಆತನ ಒಲವು ಸಹಾಯಧನದ ಕಡೆ. ಸರ್ಕಾರದ ಸಾಲಕ್ಕೆ ಬಡ್ಡಿ ಕಟ್ಟಬೇಕಾದದ್ದು ಆಮದು ಸುಂಕದಿಂದ; ಸುಂಕ ವಿಪರೀತ ಏರಿಸಿದರೆ ಆಮದು ನಿಲ್ಲುತ್ತದೆ, ಆಮದು ನಿಂತರೆ ಖಜಾನೆ ಬರಿದು. ಹಾಗಾಗಿ ಬ್ರಿಟನ್ನಿನ ಜೊತೆ ವ್ಯಾಪಾರ ನಡೆಯುತ್ತಲೇ ಇರಬೇಕು, ಅದೇ ಹೊತ್ತಿಗೆ ಇಲ್ಲಿ ಕಾರ್ಖಾನೆಯೂ ಏಳಬೇಕು. ಬ್ರಿಟನ್ನಿನ ಹಡಗುಗಳಿಗೆ ಹೆಚ್ಚು ಸುಂಕ ಹಾಕಿ ಪಾಠ ಕಲಿಸೋಣ ಎಂದವರು ಕೃಷಿ ಪಕ್ಷಪಾತಿಗಳಾದ ವರ್ಜೀನಿಯದ ಸಂಸದ ಮ್ಯಾಡಿಸನ್ ಮತ್ತು ಜೆಫರ್ಸನ್. ಇವನು ಸಂರಕ್ಷಣಾವಾದಿ, ಅವನು ಮುಕ್ತ ವ್ಯಾಪಾರವಾದಿ ಎಂಬ ಪಠ್ಯಪುಸ್ತಕದ ಎರಡು ಗೂಡುಗಳಲ್ಲಿ ಇವರು ಹಿಡಿಸುವುದೇ ಇಲ್ಲ.

ವರದಿಯಲ್ಲಿ ನನಗೆ ಸಹಿಸಲಾಗದ ಮಾತೂ ಇದೆ. ಕಾರ್ಖಾನೆಗಳು ಬಂದರೆ ಹೆಂಗಸರು, ಮಕ್ಕಳು ಹೆಚ್ಚು ಉಪಯುಕ್ತರಾಗುತ್ತಾರೆ, ಎಳೆಯ ವಯಸ್ಸಿನಲ್ಲೇ ಉಪಯುಕ್ತರಾಗುತ್ತಾರೆ ಎಂದು ಹ್ಯಾಮಿಲ್ಟನ್ ಲಾಭದ ಪಟ್ಟಿಯಲ್ಲಿ ಬರೆದಿದ್ದಾನೆ.

ಇದೇ ಜಲಪಾತದ ಬಳಿ ಮಾದರಿ ಕೈಗಾರಿಕಾ ನಗರ ಕಟ್ಟಲು ಆತನ ಗೆಳೆಯರು 1791ರ ನವೆಂಬರ್‌ನಲ್ಲೇ ಒಂದು ಸಂಘಕ್ಕೆ ನ್ಯೂಜೆರ್ಸಿಯಿಂದ ಸನದು ಪಡೆದಿದ್ದರು. ಅದರ ಮುಖ್ಯಸ್ಥ ವಿಲಿಯಂ ಡ್ಯೂರ್ 1792ರ ವಸಂತದಲ್ಲಿ ಷೇರು ಜೂಜಿನಲ್ಲಿ ಮುಳುಗಿ ಸಾಲಗಾರರ ಜೈಲು ಸೇರಿದ. ವಾಷಿಂಗ್ಟನ್ ನಗರದ ನಕ್ಷೆ ಬರೆದ ಲಾನ್‌ಫಾನ್‌ನನ್ನೇ ಇಲ್ಲಿಗೂ ಕರೆತಂದರು. ಅವನ ಯೋಜನೆಗೆ ಹಣ ಸಾಲಲಿಲ್ಲ. ಕಾಲುವೆ ಮುಗಿಯದೆ ಮೊದಲ ಗಿರಣಿಯನ್ನು ಎತ್ತುಗಳಿಂದ ತಿರುಗಿಸಿದರು, ಇಷ್ಟು ನೀರು ಪಕ್ಕದಲ್ಲಿ ಬೀಳುತ್ತಿರುವಾಗ. 1796ರಲ್ಲಿ ಅದೂ ನಿಂತಿತು. ಸಂಘ ಮಾತ್ರ ಸಾಯಲಿಲ್ಲ. ನೀರನ್ನು ಬಾಡಿಗೆಗೆ ಕೊಡುತ್ತ 1945ರವರೆಗೆ ಬದುಕಿತು. ಆ ನೀರಿನ ಮೇಲೆ ಮುಂದಿನ ಶತಮಾನದಲ್ಲಿ ಕೋಲ್ಟ್ ಬಂದೂಕು, ರೈಲ್ವೆ ಎಂಜಿನ್ನು, ರೇಷ್ಮೆ ಬಂದವು.

ಕಾಲುವೆಯ ಗುಂಟ ನಡೆದು, ಬಾಂಗ್ಲಾದೇಶದವರ ಹೋಟೆಲ್ಲಿನಲ್ಲಿ ಅನ್ನ, ಬೇಳೆ, ಬದನೆಕಾಯಿ ಭರ್ತಾ ಉಂಡು ಹೊರಟೆವು.

ಮಂಗಳವಾರ, ನ್ಯೂಯಾರ್ಕ್

ನ್ಯೂಜೆರ್ಸಿಯಿಂದ ಹಡ್ಸನ್ ದಾಟುವಾಗ ನೆನಪಾದದ್ದು 1780ರ ದಶಕ. ಆಗ ಸಂಸತ್ತಿಗೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ಶೇ. 5ರ ಒಂದು ಆಮದು ಸುಂಕಕ್ಕಾಗಿ ಸಂಸತ್ತು ರಾಜ್ಯಗಳ ಮುಂದೆ ಕೈಕಟ್ಟಿ ನಿಂತಿತು. ಮೊದಲ ಸಲ ರೋಡ್ ಐಲೆಂಡ್ ಒಲ್ಲೆನೆಂದಿತು, ಎರಡನೆಯ ಸಲ ನ್ಯೂಯಾರ್ಕ್. ನ್ಯೂಯಾರ್ಕ್ ತನ್ನ ಬಂದರಿನಲ್ಲಿ ತಾನೇ ಸುಂಕ ಎತ್ತುತ್ತಿತ್ತು, ಅದರ ಭಾರ ನೆರೆಯ ರಾಜ್ಯದವರ ಮೇಲೂ ಬೀಳುತ್ತಿತ್ತು. ಒಂದು ಕಡೆ ನ್ಯೂಯಾರ್ಕ್, ಇನ್ನೊಂದು ಕಡೆ ಫಿಲಡೆಲ್ಫಿಯ. ನಡುವಿನ ನ್ಯೂಜೆರ್ಸಿಯನ್ನು ಎರಡೂ ತುದಿಗೆ ತೂತು ಕೊರೆದ ಪೀಪಾಯಿ ಎಂದು ಆಗಿನವರು ಕರೆದರು. 1786ರಲ್ಲಿ ಈ ವ್ಯಾಪಾರದ ಗೊಂದಲ ಬಿಡಿಸಲು ಅನಾಪೊಲಿಸ್‌ನಲ್ಲಿ ಸಭೆ ಕರೆದರೆ ಐದೇ ರಾಜ್ಯಗಳವರು ಬಂದರು. ಮರುವರ್ಷ ಸಂವಿಧಾನ ಸಭೆ ಕರೆಯೋಣವೆಂದು ಬರೆದಿಟ್ಟು ಎದ್ದರು.

ವಾಲ್ ಸ್ಟ್ರೀಟಿನ ಫೆಡರಲ್ ಹಾಲ್ ಮೆಟ್ಟಿಲ ಮೇಲೆ ವಾಷಿಂಗ್ಟನ್ ಪ್ರತಿಮೆ ನಿಂತಿದೆ. ಆತ ಪ್ರಮಾಣವಚನ ತೆಗೆದುಕೊಂಡ ಕಟ್ಟಡವನ್ನು 1812ರಲ್ಲೇ ಕೆಡವಿದರು. ಈಗಿರುವುದು 1842ರ ಸುಂಕದ ಕಟ್ಟೆ. ಒಳಗಿನ ದುಂಡು ಸಭಾಂಗಣದಲ್ಲಿ ಕುಳಿತು ಅಳಿಯನಿಗೆ ಮೊದಲ ಸುಂಕದ ಕಥೆ ಹೇಳಿದೆ. 1789ರ ಏಪ್ರಿಲ್ 8. ಅಧ್ಯಕ್ಷನ ಪ್ರಮಾಣವಚನವೇ ಇನ್ನೂ ಆಗಿಲ್ಲ. ಜೇಮ್ಸ್ ಮ್ಯಾಡಿಸನ್ ಎದ್ದು, ವಸಂತಕಾಲದ ಹಡಗುಗಳು ಬರುವುದರೊಳಗೆ ಒಂದು ಸರಳ ಸುಂಕ ಹಾಕಿಬಿಡೋಣ ಎಂದ. ಸರಳವಾಗಿ ಉಳಿಯಲಿಲ್ಲ. ಪೆನ್ಸಿಲ್ವೇನಿಯದವರು ತಮ್ಮ ಕೈಗಾರಿಕೆಗಳಿಗೆ ಆಸರೆ ಕೇಳಿದರು. ದಕ್ಷಿಣದವರು ದುಬಾರಿಯಾದೀತೆಂದು ತಕರಾರು ತೆಗೆದರು. ಕಾಕಂಬಿಯಿಂದ ರಮ್ ಕಾಸುವ ಮ್ಯಾಸಚೂಸೆಟ್ಸ್‌ನವರು ಅದರ ಸುಂಕವನ್ನು ಜಗ್ಗಾಡಿ ಗ್ಯಾಲನ್ನಿಗೆ ಎರಡೂವರೆ ಸೆಂಟಿಗೆ ಇಳಿಸಿಕೊಂಡರು. ಬ್ರಿಟನ್ನಿನ ಹಡಗುಗಳಿಗೆ ಬೇರೆ ದರವಿರಲಿ ಎಂಬ ಮ್ಯಾಡಿಸನ್ನನ ಆಸೆ ಈಡೇರಲಿಲ್ಲ. ಜುಲೈ 4ರಂದು ವಾಷಿಂಗ್ಟನ್ ಸಹಿ ಹಾಕಿದ. ಸರ್ಕಾರ ನಡೆಸಲು, ಸಾಲ ತೀರಿಸಲು, ಕೈಗಾರಿಕೆಗಳನ್ನು ಪ್ರೋತ್ಸಾಹಿಸಿ ರಕ್ಷಿಸಲು ಎಂದು ಕಾಯ್ದೆಯ ಮೊದಲ ಸಾಲಿನಲ್ಲೇ ಇದೆ. ರಕ್ಷಣೆ ಸಂವಿಧಾನಬಾಹಿರ ಎಂದು ನಲವತ್ತು ವರ್ಷಗಳ ನಂತರ ವಾದಿಸಿದವರಿಗೆ ಆ ಸಾಲು ದೊಡ್ಡ ತೊಡಕಾಯಿತು.

ಅಲ್ಲಿಂದ ಮೇಡನ್ ಲೇನ್ ಬೀದಿಗೆ ನಡೆದೆವು. 1790ರ ಜೂನ್‌ನಲ್ಲಿ ಜೆಫರ್ಸನ್ ಬಾಡಿಗೆಗಿದ್ದ ಮನೆ ಇದ್ದದ್ದು ಈ ಬೀದಿಯಲ್ಲಿ. ಆಗ ಒಕ್ಕೂಟದ ಸಾಲ ಸುಮಾರು 5.4 ಕೋಟಿ ಡಾಲರ್, ರಾಜ್ಯಗಳದು ಸುಮಾರು 2.5 ಕೋಟಿ. ರಾಜ್ಯಗಳ ಸಾಲವನ್ನೂ ಒಕ್ಕೂಟವೇ ಹೊರಬೇಕೆಂದು ಹ್ಯಾಮಿಲ್ಟನ್. ತನ್ನ ಸಾಲ ಬಹುಮಟ್ಟಿಗೆ ತೀರಿಸಿದ್ದ ವರ್ಜೀನಿಯ ಅದಕ್ಕೆ ಒಪ್ಪಲಿಲ್ಲ. ಅದಕ್ಕೂ ಮುನ್ನ ಮ್ಯಾಡಿಸನ್ ಒಂದು ನ್ಯಾಯದ ಪ್ರಶ್ನೆ ಎತ್ತಿ ಸೋತಿದ್ದ. ಯುದ್ಧದಲ್ಲಿ ಸಂಬಳದ ಬದಲು ಸಾಲಪತ್ರ ಪಡೆದ ಸೈನಿಕ ಹೊಟ್ಟೆಗಿಲ್ಲದೆ ಅದನ್ನು ಚಿಲ್ಲರೆಗೆ ಮಾರಿಕೊಂಡಿದ್ದಾನೆ. ಈಗ ಪೂರ್ತಿ ಬೆಲೆ ಕೊಂಡಿಟ್ಟ ಸಟ್ಟಾಕೋರನಿಗೆ ಸಿಗಬೇಕೇ, ಸೈನಿಕನಿಗೂ ಪಾಲು ಬೇಡವೇ? 36ಕ್ಕೆ 13 ಮತಗಳಿಂದ ಅದು ಬಿತ್ತು. ಪತ್ರ ಕೈ ಬದಲಾದಾಗ ಹಕ್ಕೂ ಬದಲಾಗದಿದ್ದರೆ ಯಾವ ಸಾಲಪತ್ರವನ್ನೂ ಯಾರೂ ಕೊಳ್ಳುವುದಿಲ್ಲ ಎಂಬ ಹ್ಯಾಮಿಲ್ಟನ್ ತರ್ಕ ಗಟ್ಟಿಯಾದದ್ದೇ. ಆದರೂ ನನ್ನ ಮನಸ್ಸು ಆ 13 ಜನರ ಜೊತೆ.

ಜೆಫರ್ಸನ್ನನ ಮನೆಯ ಊಟದ ಮೇಜಿನಲ್ಲಿ ಮೂವರೂ ಒಪ್ಪಂದಕ್ಕೆ ಬಂದರು. ಸಾಲ ಒಕ್ಕೂಟಕ್ಕೆ, ರಾಜಧಾನಿ ದಕ್ಷಿಣದ ಪೊಟೊಮ್ಯಾಕ್ ದಂಡೆಗೆ, ಅಲ್ಲಿಯವರೆಗೆ ಹತ್ತು ವರ್ಷ ಫಿಲಡೆಲ್ಫಿಯಕ್ಕೆ. ಹ್ಯಾಮಿಲ್ಟನ್ ತನ್ನನ್ನು ಮೋಸಗೊಳಿಸಿದನೆಂದು ಜೆಫರ್ಸನ್ ಕೊನೆಯವರೆಗೂ ಕೊರಗಿದ.

ಬುಧವಾರ, ಫಿಲಡೆಲ್ಫಿಯ

ಇಂಡಿಪೆಂಡೆನ್ಸ್ ಹಾಲ್‌ನ ಸಭಾಕೋಣೆ ಚಿಕ್ಕದು. ಹಸಿರು ಬಟ್ಟೆ ಹೊದಿಸಿದ ಮೇಜುಗಳು, ಮರದ ಕುರ್ಚಿಗಳು. 1787ರ ಆಗಸ್ಟಿನ ಸೆಕೆಯಲ್ಲಿ ಕಿಟಕಿ ಮುಚ್ಚಿಕೊಂಡು ಇಲ್ಲಿ ನಡೆದ ಒಂದು ವ್ಯವಹಾರವನ್ನು ಮಾರ್ಗದರ್ಶಿ ಹೇಳಲಿಲ್ಲ, ಅವರಿಗೆ ಸಿಕ್ಕ ಸಮಯವೂ ಕಡಿಮೆ. ಹಡಗಿನ ವ್ಯಾಪಾರದ ಕಾನೂನುಗಳನ್ನು ಸಂಸತ್ತು ಸರಳ ಬಹುಮತದಿಂದ ಮಾಡಬಹುದೆಂದು ಉತ್ತರದ ವರ್ತಕರು ಬಯಸಿದರು. ಕೆರೊಲೈನ ಮತ್ತು ಜಾರ್ಜಿಯದವರಿಗೆ ಆಫ್ರಿಕದಿಂದ ಗುಲಾಮರನ್ನು ತರುವ ವ್ಯಾಪಾರ ಉಳಿಯಬೇಕಿತ್ತು. ಎರಡನ್ನೂ ಒಂದಕ್ಕೊಂದು ಅದಲುಬದಲು ಮಾಡಿಕೊಂಡರು. 1808ರವರೆಗೆ ಆ ವ್ಯಾಪಾರವನ್ನು ಸಂಸತ್ತು ನಿಷೇಧಿಸುವಂತಿಲ್ಲ; ತಂದ ಒಬ್ಬೊಬ್ಬ ಮನುಷ್ಯನ ಮೇಲೆ ಹತ್ತು ಡಾಲರಿಗೆ ಮೀರದಂತೆ ಸುಂಕ ಹಾಕಬಹುದು. ರಫ್ತಿನ ಮೇಲೆ ಮಾತ್ರ ಎಂದಿಗೂ ತೆರಿಗೆಯಿಲ್ಲ.

ಇದೇ ಊರಿನಲ್ಲಿ 1773ರ ನವೆಂಬರ್‌ನಲ್ಲಿ ಜಾನ್ ಡಿಕಿನ್ಸನ್ ಈಸ್ಟ್ ಇಂಡಿಯಾ ಕಂಪನಿಯ ಚಹಾ ವಿರುದ್ಧ ಒಂದು ಪತ್ರ ಬರೆದ. ಕಂಪನಿ ಏಷ್ಯಾದಲ್ಲಿ ಅನ್ನವನ್ನು ಕೂಡಿಟ್ಟು ಬೆಲೆ ಏರಿಸಿತು, ಒಂದೇ ವರ್ಷದಲ್ಲಿ ಹದಿನೈದು ಲಕ್ಷ ಜನ ಹಸಿವಿನಿಂದ ಸತ್ತರಂತೆ, ಈಗ ಅದರ ಕಣ್ಣು ಅಮೆರಿಕದ ಮೇಲೆ ಬಿದ್ದಿದೆ ಎಂದು ಎಚ್ಚರಿಸಿದ. 1770ರ ಬಂಗಾಳದ ಬರ ಅದು. ನಮ್ಮವರ ಸಾವು ಫಿಲಡೆಲ್ಫಿಯದ ವಾದದೊಳಗೆ ಬಂದದ್ದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟಿದ್ದೆ.

ಥರ್ಡ್ ಸ್ಟ್ರೀಟಿನಲ್ಲಿ ಮೊದಲ ರಾಷ್ಟ್ರೀಯ ಬ್ಯಾಂಕಿನ ಕಟ್ಟಡ. ಎದುರು ಮುಖಕ್ಕೆ ಅಮೃತಶಿಲೆ. ಪಕ್ಕಕ್ಕೆ ಸರಿದು ನೋಡಿದರೆ ಬರೀ ಇಟ್ಟಿಗೆ. 1791ರಲ್ಲಿ ಬ್ಯಾಂಕಿನ ಮಸೂದೆ 39ಕ್ಕೆ 20 ಮತಗಳಿಂದ ಕೆಳಮನೆ ದಾಟಿತು. ಬಂಡವಾಳ ಒಂದು ಕೋಟಿ ಡಾಲರ್, ಐದನೇ ಒಂದು ಪಾಲು ಸರ್ಕಾರದ್ದು, ಅವಧಿ 20 ವರ್ಷ. ಬ್ಯಾಂಕು ತೆರೆಯಲು ಸಂವಿಧಾನದಲ್ಲಿ ಅಧಿಕಾರವೇ ಇಲ್ಲವೆಂದು ಜೆಫರ್ಸನ್ ಬರೆದುಕೊಟ್ಟ. ಗುರಿ ಸಂವಿಧಾನದ್ದಾದರೆ, ಅದನ್ನು ಮುಟ್ಟುವ ದಾರಿಯೂ ಸಂವಿಧಾನದ್ದೇ ಎಂದು ಹ್ಯಾಮಿಲ್ಟನ್ ಉದ್ದನೆಯ ಉತ್ತರ ಕೊಟ್ಟ. ವಾಷಿಂಗ್ಟನ್ ಫೆಬ್ರವರಿ 25ರಂದು ಸಹಿ ಹಾಕಿದ. 1811ರಲ್ಲಿ ಮೇಲ್ಮನೆಯಲ್ಲಿ ಸಮಬಲವಾಗಿ, ಉಪಾಧ್ಯಕ್ಷ ಜಾರ್ಜ್ ಕ್ಲಿಂಟನ್ನನ ಒಂದು ಮತದಿಂದ ಬ್ಯಾಂಕು ಮುಚ್ಚಿತು. ಮರುವರ್ಷವೇ ಯುದ್ಧ, ಸಾಲ ತರಲು ಬ್ಯಾಂಕಿಲ್ಲ. ಪೆಟ್ಟು ತಿಂದ ಮೇಲೆ, 1791ರಲ್ಲಿ ಬ್ಯಾಂಕನ್ನು ವಿರೋಧಿಸಿದ್ದ ಅದೇ ಮ್ಯಾಡಿಸನ್ 1816ರಲ್ಲಿ ಅಧ್ಯಕ್ಷನಾಗಿ ಎರಡನೆಯ ಬ್ಯಾಂಕಿಗೆ ಸಹಿ ಹಾಕಿದ. ಚೆಸ್ಟ್‌ನಟ್ ಸ್ಟ್ರೀಟಿನಲ್ಲಿ ಗ್ರೀಕ್ ದೇಗುಲದಂತೆ ನಿಂತಿರುವ ಅದರ ಕಟ್ಟಡವನ್ನು ಹೊರಗಿನಿಂದ ನೋಡಿದೆವು. 1832ರಲ್ಲಿ ಅಧ್ಯಕ್ಷ ಆಂಡ್ರೂ ಜ್ಯಾಕ್ಸನ್ ಅದರ ಮುಂದುವರಿಕೆಯನ್ನು ತಡೆದ. ಆಮೇಲೆ ಅದೇ ಕಟ್ಟಡ ಫಿಲಡೆಲ್ಫಿಯದ ಸುಂಕದ ಕಟ್ಟೆಯಾಯಿತು.

ಸಂಜೆಯೇ ಹೊರಟು ರಾತ್ರಿ ತಡವಾಗಿ ವರ್ಜೀನಿಯದ ಶಾರ್ಲಟ್ಸ್‌ವಿಲ್ ಮುಟ್ಟಿದೆವು.

ಗುರುವಾರ, ಮಾಂಟಿಚೆಲ್ಲೊ

ಜೆಫರ್ಸನ್ನನ ಮನೆ ಗುಡ್ಡದ ಮೇಲಿದೆ. ಮೊದಲ ಪಡಸಾಲೆಯಲ್ಲೇ ಹ್ಯಾಮಿಲ್ಟನ್ ಮತ್ತು ಜೆಫರ್ಸನ್ ಇಬ್ಬರ ಅರ್ಧಪ್ರತಿಮೆಗಳು ಎದುರುಬದುರು. ವಿರೋಧಿಯ ಮುಖವನ್ನು ಮನೆಯ ಬಾಗಿಲಲ್ಲೇ ಇಟ್ಟುಕೊಂಡವನ ಬಗ್ಗೆ ಗೌರವ ಮೂಡುತ್ತದೆ.

ಹೊರಗೆ ಮಲ್ಬೆರಿ ಸಾಲು. ಗುಲಾಮರ ಗುಡಿಸಲು, ಕಮ್ಮಾರಸಾಲೆ ಇದ್ದ ಜಾಗ. ನಮ್ಮ ಕಾರ್ಖಾನೆಗಳು ಯುರೋಪಿನಲ್ಲೇ ಇರಲಿ, ಉಳುವವರೇ ದೇವರು ಆರಿಸಿಕೊಂಡ ಜನ ಎಂಬರ್ಥದಲ್ಲಿ 1780ರ ದಶಕದಲ್ಲಿ ಬರೆದವನು 1794ರಲ್ಲಿ ಇಲ್ಲಿ ಮೊಳೆ ಕಾರ್ಖಾನೆ ತೆರೆದ. ಹತ್ತರಿಂದ ಹದಿನಾರು ವರ್ಷದ ಗುಲಾಮ ಹುಡುಗರು ದಿನವಿಡೀ ಸುತ್ತಿಗೆ ಬಡಿದರು. ಯಾರು ಎಷ್ಟು ಕಬ್ಬಿಣ ಪೋಲು ಮಾಡಿದರೆಂದು ಯಜಮಾನನೇ ಲೆಕ್ಕ ಬರೆದಿಟ್ಟ. ಇಂಗ್ಲೆಂಡಿನ ಅಗ್ಗದ ಮೊಳೆ ಬಂದಾಗ ಅವನ ವ್ಯಾಪಾರಕ್ಕೂ ಪೆಟ್ಟು ಬಿತ್ತು.

1816ರ ಜನವರಿಯಲ್ಲಿ ಜೆಫರ್ಸನ್ ಒಂದು ಪತ್ರದಲ್ಲಿ, ಇನ್ನು ಮುಂದೆ ಕಾರ್ಖಾನೆಯವನನ್ನು ಒಕ್ಕಲಿಗನ ಪಕ್ಕದಲ್ಲೇ ಕೂರಿಸಬೇಕು ಎಂದು ಬರೆದ. ತನ್ನ ಹಳೆಯ ಮಾತನ್ನು ಈಗ ಬ್ರಿಟನ್ನಿನ ಪರವಾಗಿ ಬಳಸುತ್ತಿದ್ದಾರೆ, ಕಾಲ ಬದಲಾಗಿದೆ ಎಂದ. ಇದನ್ನು ಚಂಚಲತೆ ಎನ್ನಲಾರೆ. ನಿರ್ಬಂಧ ಮತ್ತು ಯುದ್ಧ ಎರಡನ್ನೂ ಕಂಡ ಮನುಷ್ಯ ಕಲಿತ ಪಾಠವದು. ಗುಲಾಮಗಿರಿಯ ವಿಷಯದಲ್ಲಿ ಆ ಕಲಿಕೆ ಅವನ ಮನೆಯೊಳಗೆ ಬರಲಿಲ್ಲ. ಒಂದು ಲಕ್ಷ ಡಾಲರಿಗೂ ಮೀರಿದ ಸಾಲ ಬಿಟ್ಟು 1826ರಲ್ಲಿ ತೀರಿಕೊಂಡ. ಮರುವರ್ಷದ ಜನವರಿಯಲ್ಲಿ ಈ ಅಂಗಳದಲ್ಲೇ ಹರಾಜು ಕೂಗಿದರು. 130 ಗುಲಾಮರ ಹೆಸರು ಮಾರಾಟದ ಜಾಹೀರಾತಿಗೆ ಸೇರಿತ್ತು.

ಶುಕ್ರವಾರ, ದಾರಿ

ದಿನವಿಡೀ ಪ್ರಯಾಣ. ಕೆರೊಲೈನಗಳಲ್ಲಿ ರಸ್ತೆಯ ಎರಡೂ ಬದಿ ಹತ್ತಿ ಹೊಲ ಬಿಳಿ ಹೂತಿತ್ತು. ಯಂತ್ರ ಬಿಡಿಸಿ, ಹಳದಿ ಪ್ಲಾಸ್ಟಿಕ್ ಸುತ್ತಿ ಬಿಟ್ಟ ದುಂಡನೆಯ ದೈತ್ಯ ಅಂಡಿಗೆಗಳು. ಹೊಲದಲ್ಲಿ ಒಬ್ಬ ಮನುಷ್ಯನೂ ಇಲ್ಲ. ಕಾರು ನಿಲ್ಲಿಸಿ ಬೇಲಿಯಂಚಿನ ಒಂದು ಕಾಯಿ ಮುಟ್ಟಿದೆ. ಒಣಗಿದ ತೊಟ್ಟೆಯ ಮೊನೆ ಬೆರಳಿಗೆ ಚುಚ್ಚಿತು.

ಶನಿವಾರ, ಚಾರ್ಲ್ಸ್‌ಟನ್

ಬಂದರಿನ ಬಳಿ ನಿಂತಿದೆ ಹಳೆಯ ಎಕ್ಸ್‌ಚೇಂಜ್ ಕಟ್ಟಡ. 1773ರ ಡಿಸೆಂಬರಿನಲ್ಲಿ ಇಲ್ಲಿಗೂ ಕಂಪನಿಯ ಚಹಾ ಬಂತು. ಚಾರ್ಲ್ಸ್‌ಟನ್ನಿನವರು ಬಾಸ್ಟನ್ನಿನವರಂತೆ ಅದನ್ನು ಸಮುದ್ರಕ್ಕೆ ಸುರಿಯಲಿಲ್ಲ, ಈ ಕಟ್ಟಡದಲ್ಲೇ ಇಟ್ಟು, ಯುದ್ಧ ಶುರುವಾದ ಮೇಲೆ ಮಾರಿ ದುಡ್ಡು ಮಾಡಿಕೊಂಡರು. ಮುಂದೆ ಈ ಕಟ್ಟಡದ ಪಕ್ಕದ ಬೀದಿಯಲ್ಲಿ ಮನುಷ್ಯರನ್ನು ಹರಾಜು ಹಾಕಿದರು.

ಇಲ್ಲಿಗೆ ನನ್ನನ್ನು ಎಳೆದು ತಂದದ್ದು ಜಾನ್ ಕಾಲ್‌ಹೂನ್ ಎಂಬ ಹೆಸರು. 1816ರ ಸುಂಕದ ಪರ ಗಟ್ಟಿಯಾಗಿ ಮಾತಾಡಿದ ಸಂಸದರಲ್ಲಿ ದಕ್ಷಿಣ ಕೆರೊಲೈನದ ಈತನೂ ಒಬ್ಬ. ಅಂದು ಹೆಚ್ಚಿನ ಸುಂಕವನ್ನು ವಿರೋಧಿಸಿದವನು ನ್ಯೂ ಇಂಗ್ಲೆಂಡಿನ ಡೇನಿಯಲ್ ವೆಬ್‌ಸ್ಟರ್. 1828ಕ್ಕೆ ಇಬ್ಬರೂ ಜಾಗ ಬದಲಿಸಿದ್ದರು. ವೆಬ್‌ಸ್ಟರನ ನಾಡಿನ ಹಣ ಹಡಗಿನಿಂದ ಗಿರಣಿಗೆ ಹೋಗಿತ್ತು. ಕಾಲ್‌ಹೂನನ ನಾಡು ಬ್ರಿಟನ್ನಿಗೆ ಹತ್ತಿ ಮಾರಿ, ಬ್ರಿಟನ್ನಿನ ಸರಕು ಕೊಳ್ಳುವ ನಾಡಾಗಿತ್ತು. ಆ ವರ್ಷದ ಸುಂಕವನ್ನು ದಕ್ಷಿಣದವರು ಅಸಹ್ಯಗಳ ಸುಂಕ ಎಂದು ಕರೆದರು. ಜಾರ್ಜ್ ಮೆಕ್‌ಡಫಿ ಎಂಬ ಸಂಸದ ಊರೂರಿನಲ್ಲಿ ಒಂದು ಲೆಕ್ಕ ಹೇಳುತ್ತ ಹೋದ. ನೀವು ಬೆಳೆದ ನೂರು ಅಂಡಿಗೆ ಹತ್ತಿಯಲ್ಲಿ ನಲವತ್ತನ್ನು ಸುಂಕದ ಮೂಲಕ ಉತ್ತರದವರು ಕಿತ್ತುಕೊಳ್ಳುತ್ತಿದ್ದಾರೆ. ಲೆಕ್ಕ ಉತ್ಪ್ರೇಕ್ಷೆಯದು, ದೂರು ಪೂರ್ತಿ ಸುಳ್ಳಲ್ಲ. ಸುಂಕದಿಂದ ಗಿರಣಿಗೆ ಲಾಭ, ರಫ್ತು ಮಾಡುವವನಿಗೆ ನಷ್ಟ ಎಂಬುದನ್ನು ನಾನೇ ಕಪ್ಪು ಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದೇನೆ.

1832ರ ನವೆಂಬರ್ 24ರಂದು ದಕ್ಷಿಣ ಕೆರೊಲೈನ ಸುಂಕದ ಕಾಯ್ದೆಗಳು ತನ್ನ ನೆಲದಲ್ಲಿ ನಡೆಯುವುದಿಲ್ಲವೆಂದು ಘೋಷಿಸಿತು. ಜ್ಯಾಕ್ಸನ್ ಈ ಬಂದರಿನ ಕೋಟೆಗಳನ್ನು ಬಲಪಡಿಸಿದ. ರಾಜ್ಯವೂ ಸೈನ್ಯ ಕೂಡಿಸಿತು. ಹೆನ್ರಿ ಕ್ಲೇ ಎಂಬ ಸಂಸದ ಸಂಧಾನದ ಸುಂಕ ತಂದ. 1842ರ ಹೊತ್ತಿಗೆ ಎಲ್ಲ ದರವೂ ಶೇ. 20ಕ್ಕೆ ಇಳಿಯುವ ಏರ್ಪಾಡು. 1833ರ ಮಾರ್ಚಿನಲ್ಲಿ ಗಂಡಾಂತರ ತಪ್ಪಿತು.

ಸೇಂಟ್ ಫಿಲಿಪ್ಸ್ ಚರ್ಚಿನ ಸ್ಮಶಾನದಲ್ಲಿ ಕಾಲ್‌ಹೂನನ ಸಮಾಧಿ ನೋಡಿದೆವು. ಮೇರಿಯನ್ ಚೌಕದಲ್ಲಿ ಎತ್ತರದ ಕಂಬದ ಮೇಲಿದ್ದ ಅವನ ಪ್ರತಿಮೆಯನ್ನು 2020ರಲ್ಲಿ ಕೆಳಗಿಳಿಸಿದ್ದಾರೆ. 1830ರಲ್ಲಿ ಸ್ನೇಹಿತನೊಬ್ಬನಿಗೆ ಬರೆದ ಪತ್ರದಲ್ಲಿ ಅವನೇ ಒಪ್ಪಿಕೊಂಡಿದ್ದ. ಸುಂಕ ಒಂದು ನೆಪ, ನಿಜವಾದ ಕಾರಣ ದಕ್ಷಿಣದ ವಿಶಿಷ್ಟ ವ್ಯವಸ್ಥೆ, ಅಂದರೆ ಗುಲಾಮಗಿರಿ. ಇಂದು ಸುಂಕದ ಕಾನೂನು ಮಾಡಿದ ಸಂಸತ್ತು ನಾಳೆ ಅದರ ಮೇಲೂ ಕೈಹಾಕಬಹುದೆಂಬ ಭಯ. ರಾಜ್ಯದ ಅರ್ಧಕ್ಕಿಂತ ಹೆಚ್ಚು ಜನ ಆಗ ಗುಲಾಮರು. ಮೆಕ್‌ಡಫಿಯ ಲೆಕ್ಕದಲ್ಲಿ ನೂರು ಅಂಡಿಗೆಯೂ ಬೆಳೆಗಾರನದೇ. ನೆಟ್ಟು, ಕಳೆ ತೆಗೆದು, ಬಿಡಿಸಿದವರಿಗೆ ಅದರಲ್ಲಿ ಒಂದೂ ಇಲ್ಲ.

ಮಧ್ಯಾಹ್ನ ಚಾಮರ್ಸ್ ಸ್ಟ್ರೀಟಿನ ಹಳೆಯ ಗುಲಾಮರ ಮಾರುಕಟ್ಟೆಗೆ ಹೋದೆವು. ಈಗ ಅದು ವಸ್ತುಸಂಗ್ರಹಾಲಯ. ಗುಲಾಮರಿಗೆ ವರ್ಷಕ್ಕಿಷ್ಟು ಎಂದು ಅಳೆದು ಕೊಡುತ್ತಿದ್ದ ಒರಟು ಬಟ್ಟೆಯ ಬಗ್ಗೆ ಅಲ್ಲಿದ್ದ ಹಿರಿಯ ಮಹಿಳೆಯೊಬ್ಬರನ್ನು ಕೇಳಿದೆ. ಮೈಗೆ ಮುಳ್ಳಿನಂತೆ ಚುಚ್ಚುವ ಬಟ್ಟೆಯೆಂದು ಅದನ್ನು ತೊಟ್ಟವರು ನೆನೆಸಿಕೊಂಡಿದ್ದಾರೆ ಎಂದರು. ಅದರಲ್ಲಿ ಒಂದು ಭಾಗ ಬ್ರಿಟನ್ನಿನದು, ಇನ್ನೊಂದು ಭಾಗ ರೋಡ್ ಐಲೆಂಡ್ ಮತ್ತು ಲೋವೆಲ್ ಗಿರಣಿಗಳದು. ನಾನು ಅವರಿಗೆ 1832ರ ಸುಂಕ ಪಟ್ಟಿಯ ಒಂದು ಬಾಬ್ತು ಹೇಳಿದೆ. ಆ ವರ್ಷ ಉಣ್ಣೆ ಬಟ್ಟೆಗೆ ಸಾಮಾನ್ಯ ದರ ಶೇ. 50. ಗುಲಾಮರಿಗೆ ತೊಡಿಸುವಂಥ ಅತಿ ಅಗ್ಗದ ಉಣ್ಣೆ ಬಟ್ಟೆಗೆ ಮಾತ್ರ ಶೇ. 5, ತೋಟದ ಯಜಮಾನರನ್ನು ಸಮಾಧಾನಪಡಿಸಲು. ಅವರು ತಮ್ಮ ಪುಟ್ಟ ಪುಸ್ತಕ ತೆಗೆದು, ವರ್ಷ ಮತ್ತು ದರ ಎರಡನ್ನೂ ಇನ್ನೊಮ್ಮೆ ಹೇಳಿಸಿಕೊಂಡು ಬರೆದುಕೊಂಡರು.